ಕೊಡಗಿನ ಗದ್ದೆಯಿಂದ ಏರೋಬ್ಯಾಟಿಕ್ಸ್ ಸ್ಪರ್ಧೆಗೆ: ಆರ್‌ಸಿ (ರಿಮೋಟ್‌ನಿಂದ ನಡೆಸುವ) ವಿಮಾನ ಹಾರಿಸುವವರಿಗೆ ಸಮಗ್ರ ಮಾರ್ಗದರ್ಶಿ

ಲೂಪ್ (ಆಕಾಶದಲ್ಲಿ ನಿಂತ ವೃತ್ತ) ಬರುತ್ತದೆ, ರೋಲ್ (ಉದ್ದದ ಅಕ್ಷದ ಸುತ್ತ ಉರುಳುವುದು) ಬರುತ್ತದೆ, ತಲೆಕೆಳಗಾಗಿ ಹಾರಿಸಲೂ ಬರುತ್ತದೆ. ಆದರೂ ಸ್ಪರ್ಧೆಗೆ ಹೋದರೆ ಅಂಕ ಹತ್ತಕ್ಕೆ 4, 5ರಿಂದ ಮೇಲೆ ಏಳುವುದಿಲ್ಲ. ಗೋಣಿಕೊಪ್ಪ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಹುಡುಗರು, ಹುಡುಗಿಯರು ಸ್ಪರ್ಧೆ ಮುಗಿಸಿ ಬಂದು ನನ್ನ ಹತ್ತಿರ ಹೇಳುವುದು ಇದೇ ಮಾತು. ಅವರ ವಿಡಿಯೊ ನೋಡಿದರೆ ತಪ್ಪು ಕಸರತ್ತಿನಲ್ಲಿ ಇರುವುದಿಲ್ಲ. ಎರಡು ಕಸರತ್ತುಗಳ ನಡುವಿನ ಗೆರೆಯಲ್ಲಿ, ಅಂದರೆ ವಿಮಾನ ನೇರ ಹಾರುವ ದಾರಿಯಲ್ಲಿ ಇರುತ್ತದೆ. ಗೆರೆ ಸೊಟ್ಟ, ಅದರಿಂದ ಹೊರಟ ಲೂಪೂ ಸೊಟ್ಟ.

ನನಗೂ ಮೊದಲ ಸ್ಪರ್ಧೆಯಲ್ಲಿ ಇದೇ ಆಯಿತು. ತೀರ್ಪುಗಾರರೊಬ್ಬರು ಹಾರಾಟ ಮುಗಿದ ಮೇಲೆ ಕರೆದು, ‘ನಿಮ್ಮ ಸಮತಲದ ಗೆರೆಗಳೆಲ್ಲ ಎಡಕ್ಕೆ ಇಳಿಯುತ್ತಿವೆ’ ಎಂದರು. ನಾನು ನಂಬಲಿಲ್ಲ. ಊರಿಗೆ ಬಂದು ಅಭ್ಯಾಸದ ಗದ್ದೆಯಲ್ಲಿ ನಿಂತಾಗ ಕಾರಣ ಕಣ್ಣೆದುರೇ ಇತ್ತು. ಗದ್ದೆಯ ಆಚೆಗಿನ ಬೆಟ್ಟದ ಸಾಲು ಎಡಕ್ಕೆ ಇಳಿಯುತ್ತದೆ. ಎರಡು ವರ್ಷ ಆ ಬೆಟ್ಟವನ್ನೇ ದಿಗಂತವೆಂದುಕೊಂಡು ಹಾರಿಸಿದ್ದೆ. ಬಯಲುಸೀಮೆಯ ಪೈಲಟ್‌ಗೆ ಈ ತೊಂದರೆ ಇಲ್ಲ. ಕೊಡಗಿನಲ್ಲಿ ಕಲಿತವರಿಗೆ ಬಹುಮಟ್ಟಿಗೆ ಎಲ್ಲರಿಗೂ ಇದೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಟ್ರಿಮ್ (ಕೈ ಬಿಟ್ಟರೂ ವಿಮಾನ ನೇರ ಹಾರುವಂತೆ ಹೊಂದಿಸುವುದು) ಮುಗಿಯದೆ ಕಸರತ್ತಿಗೆ ಹೋದರೆ, ವಿಮಾನದ ತಪ್ಪನ್ನು ನಿಮ್ಮ ಬೆರಳು ಸರಿಪಡಿಸುವುದನ್ನು ಕಲಿತುಬಿಡುತ್ತದೆ. ಆ ಚಾಳಿ ಬಿಡಿಸಲು ತಿಂಗಳುಗಳೇ ಬೇಕು.

ಹಂತ 1: ಅಂಕ ಹೇಗೆ ಕಳೆಯುತ್ತದೆ ಎಂದು ತಿಳಿಯಿರಿ

ಆರ್‌ಸಿ ಏರೋಬ್ಯಾಟಿಕ್ಸ್‌ನ ಅಂತರರಾಷ್ಟ್ರೀಯ ಎಫ್‌3ಎ ವರ್ಗದಲ್ಲಿ ಪ್ರತಿ ಕಸರತ್ತೂ 10 ಅಂಕದಿಂದ ಶುರುವಾಗುತ್ತದೆ. ಕಂಡ ಪ್ರತಿ ದೋಷಕ್ಕೂ ತೀರ್ಪುಗಾರರು ಕಳೆಯುತ್ತ ಹೋಗುತ್ತಾರೆ. ದಿಕ್ಕಿನಲ್ಲೋ ಕೋನದಲ್ಲೋ ಸುಮಾರು 15 ಡಿಗ್ರಿ ತಪ್ಪಿದರೆ 1 ಅಂಕ ಹೋಯಿತು. ಉಳಿದ ಅಂಕವನ್ನು ಆ ಕಸರತ್ತಿನ ಕಷ್ಟಕ್ಕೆ ತಕ್ಕ ಕೆ-ಫ್ಯಾಕ್ಟರ್‌ನಿಂದ ಗುಣಿಸುತ್ತಾರೆ. ಒಂದು ಸುತ್ತಿನಲ್ಲಿ ಅತಿ ಹೆಚ್ಚು ಪಡೆದವರಿಗೆ 1000, ಉಳಿದವರಿಗೆ ಆ ಅನುಪಾತದಲ್ಲಿ.

ಸೊನ್ನೆ ಬೀಳುವುದು ಬೇರೆ ಕಾರಣಗಳಿಗೆ. ಪಟ್ಟಿಯಲ್ಲಿದ್ದ ಕಸರತ್ತು ಬಿಟ್ಟುಹೋದರೆ, ಅರ್ಧ ರೋಲ್ ಇರಬೇಕಾದಲ್ಲಿ ಪೂರ್ತಿ ರೋಲ್ ಹಾಕಿದರೆ, ಸ್ಪಿನ್‌ಗೆ (ಸುತ್ತುತ್ತ ಕೆಳಗೆ ಬೀಳುವ ಕಸರತ್ತಿಗೆ) ಮೊದಲು ವಿಮಾನ ಸ್ಟಾಲ್ ಆಗದೆ (ವೇಗ ಇಳಿದು ರೆಕ್ಕೆ ಎತ್ತುವ ಬಲ ಕಳೆದುಕೊಳ್ಳದೆ) ಸ್ನ್ಯಾಪ್ ಹೊಡೆದು (ಥಟ್ಟನೆ ಉರುಳಿ) ಒಳಹೋದರೆ ಸೊನ್ನೆ. ಹೊಸಬರು ಒಂದು ಸುತ್ತಿನಲ್ಲಿ ಎರಡು ಸೊನ್ನೆ ತೆಗೆದುಕೊಂಡರೆ ಉಳಿದದ್ದೆಲ್ಲ ಚೆನ್ನಾಗಿದ್ದರೂ ಮೇಲೇಳುವುದಿಲ್ಲ. ಹಾಗಾಗಿ ಮೊದಲ ಸ್ಪರ್ಧೆಗೆ ಗುರಿ ಒಂದೇ ಇರಲಿ: ಎಲ್ಲ ಕಸರತ್ತೂ ಕ್ರಮವಾಗಿ, ಒಂದೂ ಸೊನ್ನೆ ಇಲ್ಲದೆ.

ಹಾರುವ ಜಾಗವನ್ನು ಬಾಕ್ಸ್ ಎನ್ನುತ್ತಾರೆ. ಪೈಲಟ್ ನಿಂತ ಜಾಗದಿಂದ ಎಡಕ್ಕೆ 60, ಬಲಕ್ಕೆ 60, ಮೇಲಕ್ಕೆ 60 ಡಿಗ್ರಿ. ದೊಡ್ಡ ಎಫ್‌3ಎ ವಿಮಾನಗಳು ಸುಮಾರು 150 ಮೀಟರ್ ದೂರದಲ್ಲಿ ಹಾರುತ್ತವೆ. ಕಾಲೇಜು ಸ್ಪರ್ಧೆಗಳಲ್ಲಿ, ಎನ್‌ಸಿಸಿ ವಾಯುದಳದ ಏರೋಮಾಡೆಲಿಂಗ್ ಸ್ಪರ್ಧೆಗಳಲ್ಲಿ ನಿಯಮ ಬೇರೆ ಇರಬಹುದು. ನಿಯಮದ ಹಾಳೆಯನ್ನು ಸ್ಪರ್ಧೆಗೆ ಎರಡು ತಿಂಗಳು ಮೊದಲೇ ತರಿಸಿಕೊಂಡು, ಒಂದೊಂದು ಸಾಲನ್ನೂ ಓದಿ.

ಹಂತ 2: ವಿಮಾನ ಮತ್ತು ಸಲಕರಣೆ

ಎಫ್‌3ಎಯ ಪೂರ್ಣ ಗಾತ್ರದ ವಿಮಾನ 2 ಮೀಟರ್ ಉದ್ದ, 2 ಮೀಟರ್ ರೆಕ್ಕೆಯಗಲದ ಮಿತಿಯೊಳಗೆ ಇರುತ್ತದೆ. ಅದನ್ನು ಮೊದಲಿಗೇ ಕೊಳ್ಳಬೇಡಿ. 1.2ರಿಂದ 1.5 ಮೀಟರ್ ರೆಕ್ಕೆಯಗಲದ, ಮೇಲೆ ಕೆಳಗೆ ಒಂದೇ ಉಬ್ಬಿರುವ ರೆಕ್ಕೆಯ, 4 ಸೆಲ್ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ಫೋಮ್ ಏರೋಬ್ಯಾಟಿಕ್ ಮಾಡೆಲ್ ಸಾಕು. ರೆಕ್ಕೆ ದೇಹದ ಮೇಲ್ಭಾಗದಲ್ಲಿರುವ ಟ್ರೇನರ್ ಈ ಕೆಲಸಕ್ಕೆ ಬಾರದು. ತಲೆಕೆಳಗಾದಾಗ ಅದು ತಾನಾಗಿ ನೆಟ್ಟಗಾಗಲು ನೋಡುತ್ತದೆ, ನಿಮಗೆ ಬೇಕಿರುವುದು ಇಟ್ಟಂತೆ ಇರುವ ವಿಮಾನ.

ಟ್ರಾನ್ಸ್‌ಮಿಟರ್‌ನಲ್ಲಿ ಕನಿಷ್ಠ 6 ಚಾನೆಲ್, ಡ್ಯುಯಲ್ ರೇಟ್ (ಸ್ಟಿಕ್‌ಗೆ ವಿಮಾನ ಎಷ್ಟು ಸ್ಪಂದಿಸಬೇಕೆಂದು ಬದಲಿಸುವ ಸ್ವಿಚ್), ಎಕ್ಸ್‌ಪೋ (ಸ್ಟಿಕ್‌ನ ನಡುಭಾಗವನ್ನು ಮೃದು ಮಾಡುವುದು), ಟೈಮರ್ ಮತ್ತು ಮುಖ್ಯವಾಗಿ ಸ್ವತಂತ್ರ ಮಿಕ್ಸ್‌ಗಳು (ಒಂದು ನಿಯಂತ್ರಣದ ಜೊತೆ ಇನ್ನೊಂದನ್ನೂ ತಾನಾಗಿ ಅಲ್ಲಾಡಿಸುವ ಸೆಟ್ಟಿಂಗ್) ಇರಬೇಕು. ಮಿಕ್ಸ್ ಇಲ್ಲದ ರಿಮೋಟ್‌ನಲ್ಲಿ 5ನೇ ಹಂತದ ಅರ್ಧ ಕೆಲಸ ಆಗುವುದೇ ಇಲ್ಲ. ಇದರ ಜೊತೆಗೆ ಸಿಜಿ (ತೂಕದ ಕೇಂದ್ರ) ನೋಡುವ ಸ್ಟ್ಯಾಂಡ್, ರೆಕ್ಕೆಯ ಕೋನ ಅಳೆಯುವ ಇನ್ಸಿಡೆನ್ಸ್ ಮೀಟರ್, ವ್ಯಾಟ್‌ಮೀಟರ್, ಪ್ರಾಪ್ (ಪ್ರೊಪೆಲ್ಲರ್) ಬ್ಯಾಲೆನ್ಸರ್, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಥ್ರೆಡ್‌ಲಾಕರ್, ಅಲೆನ್ ಕೀ ಸೆಟ್. ಬ್ಯಾಟರಿ ಕನಿಷ್ಠ ನಾಲ್ಕು ಇರಲಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲದ ನಮ್ಮ ಊರಿನಲ್ಲಿ, ಜೀಪಿನ 12 ವೋಲ್ಟ್ ಬ್ಯಾಟರಿಯಿಂದಲೂ ನಡೆಯುವ ಚಾರ್ಜರ್ ಕೊಳ್ಳಿ.

ಒಂದು ಎಚ್ಚರಿಕೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಗಾಳಿ ಕರಾವಳಿಯ ಗಾಳಿಗಿಂತ ಹೆಚ್ಚುಕಡಿಮೆ ಶೇ 10ರಷ್ಟು ತೆಳು. ಪ್ರಾಪ್ ಅಷ್ಟೇ ಕಡಿಮೆ ಎಳೆಯುತ್ತದೆ, ಮೋಟರ್ ಅಷ್ಟೇ ಕಡಿಮೆ ಕರೆಂಟ್ ತೆಗೆದುಕೊಳ್ಳುತ್ತದೆ. ಇಲ್ಲಿ ‘ಎಳೆತ ಸಾಲದು’ ಎಂದು ದೊಡ್ಡ ಪ್ರಾಪ್ ಹಾಕಿ, ಅದೇ ವಿಮಾನವನ್ನು ಮಂಗಳೂರಿಗೋ ಚೆನ್ನೈಗೋ ಒಯ್ದರೆ ಇಎಸ್‌ಸಿ (ಮೋಟರ್‌ನ ವೇಗ ನಿಯಂತ್ರಿಸುವ ಸರ್ಕ್ಯೂಟ್) ಸುಡುತ್ತದೆ. ಇಲ್ಲಿ ವ್ಯಾಟ್‌ಮೀಟರ್ 54 ಆಂಪಿಯರ್ ತೋರಿಸಿದರೆ, ಕೆಳಗೆ ಅದು 60ರ ಹತ್ತಿರ ಹೋಗಬಹುದು. 60 ಆಂಪಿಯರ್ ಇಎಸ್‌ಸಿಗೆ ಅದು ಅಂಚು. ಕೆಳಗಿನ ಊರಿಗೆ ಹೋಗುವಾಗ ವ್ಯಾಸದಲ್ಲಿ ಒಂದು ಇಂಚು ಚಿಕ್ಕ ಪ್ರಾಪ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ.

ಹಂತ 3: ಜಾಗ

ಹುತ್ತರಿ ಕಳೆದು ಕೊಯ್ಲು ಮುಗಿದ ಗದ್ದೆ ನಮಗೆ ಸಿಗುವ ಅತ್ಯುತ್ತಮ ಮೈದಾನ. ಜನವರಿಯಿಂದ ಮುಂಗಾರಿನ ತನಕ ಸಿಗುತ್ತದೆ. ಗದ್ದೆಯ ಯಜಮಾನರನ್ನು ಕೇಳಿಯೇ ಇಳಿಯಿರಿ. ಕೂಳೆ ಚಕ್ರಕ್ಕೆ ಸಿಕ್ಕುವುದರಿಂದ 40 ಮೀಟರ್ ಉದ್ದಕ್ಕೆ ಅದನ್ನು ನೆಲಕ್ಕೆ ಸಮ ಕತ್ತರಿಸಿ, ಕಾಫಿ ಒಣಗಿಸುವ ಹಳೆಯ ಟಾರ್ಪಾಲ್ ಹಾಸಿದರೆ ರನ್‌ವೇ ಸಿದ್ಧ. ಟಾರ್ಪಾಲಿನ ಅಂಚನ್ನು ಎರಡೆರಡು ಮೀಟರಿಗೆ ಗೂಟ ಹೊಡೆದು ಬಿಗಿಯಿರಿ. ಇಲ್ಲದಿದ್ದರೆ ಪ್ರಾಪ್‌ನ ಗಾಳಿಗೆ ಎದ್ದು ಸುತ್ತಿಕೊಳ್ಳುತ್ತದೆ.

ನೀವು ನಿಲ್ಲುವಾಗ ಬೆನ್ನಿಗೆ ಸೂರ್ಯ, ಎದುರಿಗೆ ಗದ್ದೆ ಇರಲಿ. ಲೈನ್‌ಮನೆ (ತೋಟದ ಕೆಲಸಗಾರರ ಸಾಲುಮನೆ), ರಸ್ತೆ, ವಿದ್ಯುತ್ ತಂತಿ, ತೋಟದಲ್ಲಿ ಕೆಲಸ ಮಾಡುವವರು ಹಾರಾಟದ ಕಡೆ ಇರಬಾರದು. ಕಾಫಿ ಕೊಯ್ಲಿನ ದಿನಗಳಲ್ಲಿ ಗಿಡದ ನಡುವೆ ಜನ ಇರುವುದು ಮೇಲಿನಿಂದ ಕಾಣುವುದೇ ಇಲ್ಲ. ಹಾರಿಸುವ ಮೊದಲು ತೋಟದ ರೈಟರ್ (ಗುಮಾಸ್ತ) ಹತ್ತಿರ ‘ಇವತ್ತು ಯಾವ ಬ್ಲಾಕ್‌ನಲ್ಲಿ ಕೆಲಸ’ ಎಂದು ಕೇಳಿಕೊಳ್ಳಿ.

ಕಾನೂನಿನ ಮಾತು ಚಿಕ್ಕದು, ಆದರೆ ತಪ್ಪಿಸುವಂತಿಲ್ಲ. 2021ರ ಡ್ರೋನ್ ನಿಯಮಗಳಲ್ಲಿ 25 ಕೆಜಿಯೊಳಗಿನ, ಹವ್ಯಾಸಕ್ಕೋ ಕಲಿಕೆಗೋ ಕಣ್ಣಳತೆಯಲ್ಲೇ ಹಾರಿಸುವ ಮಾದರಿ ವಿಮಾನಗಳ ಪ್ರಸ್ತಾಪವೂ ಇದೆ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಗದ್ದೆ ಹಸಿರು ವಲಯದಲ್ಲಿ (ಮುಂಚಿತ ಅನುಮತಿ ಇಲ್ಲದೆ ಹಾರಿಸಬಹುದಾದ ಜಾಗದಲ್ಲಿ) ಇದೆಯೇ ನೋಡಿ. ಹಸಿರು ವಲಯದಲ್ಲಿ ಎತ್ತರದ ಮಿತಿ 400 ಅಡಿ, ಅಂದರೆ ಸುಮಾರು 120 ಮೀಟರ್. ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳ ಅಂಚಿನಲ್ಲಿ ಹಾರಿಸಲೇಬೇಡಿ.

ಇನ್ನು ಬೆಂಕಿ. ಫೆಬ್ರುವರಿ, ಮಾರ್ಚ್‌ನಲ್ಲಿ ತೋಟದ ನೆಲದ ತುಂಬ ಸಿಲ್ವರ್ ಮರದ ಒಣ ಎಲೆ. ಬಿದ್ದ ವಿಮಾನದ ಲೈಪೋ ಕೂಡಲೇ ಹೊತ್ತಿಕೊಳ್ಳಬೇಕೆಂದಿಲ್ಲ, ಜಜ್ಜಿದ ಸೆಲ್ 10, 20 ನಿಮಿಷ ತಡೆದೂ ಉರಿಯಬಹುದು. ವಿಮಾನ ಬಿದ್ದರೆ ಹಾರಾಟ ನಿಲ್ಲಿಸಿ, ಮೊದಲು ಬ್ಯಾಟರಿ ಹುಡುಕಿ, ಬರಿನೆಲದಲ್ಲಿ ಮರಳು ತುಂಬಿದ ಬಕೆಟ್‌ಗೆ ಹಾಕಿ. ಬೇಗ ಸಿಗಲೆಂದು ವಿಮಾನದೊಳಗೆ ಬಜರ್ ಇಡಿ. ಆನೆ ಓಡಾಡುವ ಕಡೆ ಸಂಜೆ 5ರ ಮೇಲೆ ಬಿದ್ದ ವಿಮಾನವನ್ನು ಹುಡುಕಲು ತೋಟದೊಳಗೆ ಹೋಗಬೇಡಿ. ಹಾಗಾಗಿಯೇ ಅಂಥ ಕಡೆ ಕೊನೆಯ ಹಾರಾಟ 4 ಗಂಟೆಗೆ ಮುಗಿಯಲಿ.

ಹಂತ 4: ಮೂರು ಬಿದಿರು, ಒಂದು ನೀರಿನ ಪೈಪು

ಬೆಟ್ಟದ ಮೋಸಕ್ಕೆ ಮದ್ದು ಇದು. ಅರ್ಧ ದಿನದ ಕೆಲಸ, ಆದರೆ ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ.

ನೀವು ನಿಲ್ಲುವ ಜಾಗಕ್ಕೆ ಒಂದು ಗೂಟ ಹೊಡೆಯಿರಿ. ಅಲ್ಲಿಂದ ನೇರ ಎದುರಿಗೆ 30 ಮೀಟರ್ ಅಳೆದು ಮೊದಲ ಬಿದಿರು ನೆಡಿ. ಅದೇ ನಡುಗಂಬ. ಈಗ ನಡುಗಂಬದಿಂದ ರನ್‌ವೇಗೆ ಸಮಾನಾಂತರವಾಗಿ ಎಡಕ್ಕೆ 52 ಮೀಟರ್, ಬಲಕ್ಕೆ 52 ಮೀಟರ್ ಅಳೆದು ಇನ್ನೆರಡು ನೆಡಿ. ಗೂಟದ ಮೇಲೆ ನಿಂತು ನೋಡಿದರೆ ಅಕ್ಕಪಕ್ಕದ ಬಿದಿರುಗಳು ಸರಿಯಾಗಿ 60 ಡಿಗ್ರಿಯಲ್ಲಿ ಕಾಣುತ್ತವೆ. ಬಾಕ್ಸ್‌ನ ಅಂಚು ಸಿಕ್ಕಿತು.

ಮುಂದಿನದು ಮುಖ್ಯ. ಗದ್ದೆ ಕಣ್ಣಿಗೆ ಸಮ ಕಂಡರೂ ಒಂದೊಂದು ಮಡಿಗೂ ಇಳಿಜಾರು ಇದೆ, ಆದ್ದರಿಂದ ನೆಲದಿಂದ ಅಳೆಯಬೇಡಿ. ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು ತನ್ನಿ. ಗೂಟದ ಬಳಿ ನಿಂತಾಗ ನಿಮ್ಮ ಕಣ್ಣಿನ ಮಟ್ಟ ಎಲ್ಲಿದೆಯೋ ಅದೇ ಮಟ್ಟವನ್ನು ಮೂರೂ ಬಿದಿರಿನ ಮೇಲೆ ಗುರುತು ಮಾಡಿ. ಪೈಪು ಉದ್ದ ಸಾಲದಿದ್ದರೆ ನಡುವೆ ಗೂಟ ಹೊಡೆದು ಮಟ್ಟ ದಾಟಿಸಿಕೊಂಡು ಹೋಗಿ. ಆ ಗುರುತಿನಿಂದ ಮೇಲಕ್ಕೆ 5 ಮೀಟರ್ ಅಳೆದು ಕೆಂಪು ಬಟ್ಟೆ ಕಟ್ಟಿ. ಇದಕ್ಕೆ 7 ಮೀಟರಿನ ಬಿದಿರು ಬೇಕು, ಬಟ್ಟೆಯನ್ನು ನೆಡುವ ಮೊದಲೇ ಸಡಿಲವಾಗಿ ಕಟ್ಟಿ ಹಗ್ಗದಿಂದ ಎಳೆಯುವಂತೆ ಮಾಡಿಕೊಂಡರೆ ಸುಲಭ.

ಮೂರು ಕೆಂಪು ಬಟ್ಟೆಗಳು ಒಂದೇ ಮಟ್ಟದಲ್ಲಿ, ಹಾರಾಟದ ಗೆರೆಗೆ ಸಮಾನಾಂತರವಾದ ಒಂದೇ ಸಾಲಿನಲ್ಲಿ ಇವೆ. ಹಾಗಾಗಿ ವಿಮಾನ ನಿಜವಾಗಿ ಸಮತಲದಲ್ಲಿ, ಒಂದೇ ದೂರದಲ್ಲಿ ಹಾರಿದರೆ ನಿಮ್ಮ ಕಣ್ಣಿಗೆ ಅದು ಮೂರೂ ಬಟ್ಟೆಗಳನ್ನು ಮುಟ್ಟಿಕೊಂಡೇ ಹೋಗುತ್ತದೆ. 70 ಮೀಟರ್ ದೂರದಲ್ಲಿ ಹಾರಿಸಿದರೆ ಈ ಗೆರೆ ನೆಲದಿಂದ ಸುಮಾರು 13 ಮೀಟರ್ ಎತ್ತರ. ಎಡಗಡೆಯ ಬಟ್ಟೆಗಿಂತ ಕೆಳಗೆ ಹೋಯಿತೆಂದರೆ ಒಂದೋ ಇಳಿಯಿತು, ಇಲ್ಲವೇ ದೂರ ಸರಿಯಿತು. ಯಾವುದು ಎಂದು ತಿಳಿಯಲು ಆ ಬಿದಿರಿನ ಬಳಿ, ಹಾರಾಟದ ಗೆರೆಯಿಂದ ಈಚೆಗೆ, ಒಬ್ಬರು ನಿಲ್ಲಲಿ.

ಮೊದಲ ದಿನ ನಿಮಗೆ ಸರಿಯಾದ ಗೆರೆಯೇ ಸೊಟ್ಟ ಅನಿಸುತ್ತದೆ. ಕಣ್ಣು ಇನ್ನೂ ಬೆಟ್ಟವನ್ನೇ ನಂಬುತ್ತಿರುತ್ತದೆ. ಬಟ್ಟೆಯನ್ನು ನಂಬಿ. ನನಗೆ ಸುಮಾರು 30 ಹಾರಾಟ ಬೇಕಾಯಿತು.

70 ಮೀಟರ್ ದೂರ ಹೇಳಿದ್ದಕ್ಕೂ ಕಾರಣವಿದೆ. 150 ಮೀಟರ್ ದೂರದಲ್ಲಿ 60 ಡಿಗ್ರಿಯ ಮೇಲಂಚು 260 ಮೀಟರ್ ಎತ್ತರಕ್ಕೆ ಹೋಗುತ್ತದೆ, ಹಸಿರು ವಲಯದ ಮಿತಿಯ ಎರಡರಷ್ಟಕ್ಕಿಂತ ಹೆಚ್ಚು. 70 ಮೀಟರ್‌ಗೆ ಅದು 121 ಮೀಟರ್. ಕಸರತ್ತಿನ ತುದಿಯನ್ನು 100 ಮೀಟರ್ ಒಳಗೆ ಇಟ್ಟುಕೊಂಡರೆ ಬಾಕ್ಸ್‌ನ ಆಕಾರವೂ ಉಳಿಯುತ್ತದೆ, ನಿಯಮವೂ ಉಳಿಯುತ್ತದೆ. ಚಿಕ್ಕ ವಿಮಾನಕ್ಕೆ ಈ ಅಳತೆ ಹೇಳಿ ಮಾಡಿಸಿದಂತಿದೆ.

ಹಂತ 5: ಟ್ರಿಮ್

ಮಂಜು ಕರಗಿ ಗಾಳಿ ಏಳುವ ಮೊದಲಿನ ಒಂದು ಗಂಟೆ ಟ್ರಿಮ್‌ಗೆ ಮೀಸಲು. ಗಾಳಿಯಲ್ಲಿ ಮಾಡಿದ ಟ್ರಿಮ್ ಗಾಳಿಯ ಟ್ರಿಮ್, ವಿಮಾನದ್ದಲ್ಲ. ಒಂದು ಹಾರಾಟಕ್ಕೆ ಒಂದೇ ಬದಲಾವಣೆ ಮಾಡಿ, ಪುಸ್ತಕದಲ್ಲಿ ಬರೆಯಿರಿ. ಎರಡು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಎಂಬುದು ತಿಳಿಯದೇ ಹೋಗುತ್ತದೆ.

ಮೊದಲು ನೆಲದ ಮೇಲೆ. ಎರಡೂ ಏಲೆರಾನ್ (ಉರುಳಿಸಲು ರೆಕ್ಕೆಯ ಹಿಂಬದಿಯ ಪಟ್ಟಿ), ಎರಡೂ ಎಲಿವೇಟರ್ (ಮೂಗು ಏರಿಸಿ ಇಳಿಸಲು ಬಾಲದ ಅಡ್ಡ ಪಟ್ಟಿ) ಭಾಗಗಳು ನಡುಮಟ್ಟದಲ್ಲಿ ಸಮವಾಗಿರಲಿ, ಮೇಲೆ ಕೆಳಗೆ ಅಷ್ಟೇ ದೂರ ಓಡಲಿ. ಹಿಂಜ್‌ನ ಸಂದಿಗೆ ಪಾರದರ್ಶಕ ಟೇಪ್ ಅಂಟಿಸಿ. ಪ್ರಾಪ್ ಶಾಫ್ಟ್ ಮತ್ತು ಬಾಲದ ತುದಿ ಹಿಡಿದು ವಿಮಾನವನ್ನು ಎತ್ತಿದಾಗ ಯಾವ ರೆಕ್ಕೆ ಕೆಳಗೆ ಹೋಗುತ್ತದೋ ಅದರ ಎದುರಿನ ರೆಕ್ಕೆಯ ತುದಿಗೆ ತೂಕ ಅಂಟಿಸಿ. ಪ್ರಾಪ್ ಬಿಚ್ಚಿಟ್ಟು, ರಿಮೋಟ್ ಆಫ್ ಮಾಡಿ ಫೇಲ್‌ಸೇಫ್ ಪರೀಕ್ಷಿಸಿ: ಮೋಟರ್ ನಿಲ್ಲಲೇಬೇಕು.

ಇನ್ನು ಆಕಾಶದಲ್ಲಿ, ಇದೇ ಕ್ರಮ:

ಸಿಜಿ. 45 ಡಿಗ್ರಿ ಮೇಲ್ಗೆರೆಯಲ್ಲಿ ಏರಿಸಿ, ತಲೆಕೆಳಗೆ ಮಾಡಿ, ಎಲಿವೇಟರ್ ಬಿಡಿ. ಸ್ವಲ್ಪ ದೂರ ಗೆರೆ ಹಿಡಿದು ಆಮೇಲೆ ಮೆಲ್ಲಗೆ ಮೂಗು ಇಳಿದರೆ ಸರಿ. ಕೂಡಲೇ ನೆಲದ ಕಡೆ ಬಾಗಿದರೆ ಮೂಗು ಭಾರ, ಬ್ಯಾಟರಿಯನ್ನು 5 ಮಿಲಿಮೀಟರ್ ಹಿಂದಕ್ಕೆ ಸರಿಸಿ. ಇನ್ನೂ ಮೇಲಕ್ಕೇ ಏರಿದರೆ ಬಾಲ ಭಾರ, ಮುಂದಕ್ಕೆ. ಬಾಲ ಭಾರವಾದ ವಿಮಾನ ಇಳಿಸುವಾಗ ಅಪಾಯಕಾರಿ, ಅದನ್ನು ಮೊದಲು ಸರಿಮಾಡಿ.

ರೆಕ್ಕೆಗಳ ತೂಕ. ನಿಮ್ಮಿಂದ ನೇರ ದೂರ ಹೋಗುವಾಗ ರೆಕ್ಕೆ ಸಮ ಇಟ್ಟು ಗಟ್ಟಿಯಾಗಿ ಎಳೆದು ನೆಟ್ಟಗೆ ಏರಿಸಿ. ಪ್ರತಿ ಸಲವೂ ಒಂದೇ ರೆಕ್ಕೆ ಬೀಳುತ್ತಿದ್ದರೆ ಅದು ಭಾರ.

ಬಲಕ್ಕೆ ಮೋಟರ್ ಕೋನ. ಪೂರ್ತಿ ಥ್ರಾಟಲ್‌ನಲ್ಲಿ ನೇರ ಮೇಲೆ ಏರಿಸಿ ಕೈ ಬಿಡಿ. ವೇಗ ಇಳಿದಂತೆ ಎಡಕ್ಕೆ ವಾಲಿದರೆ ಮೋಟರ್ ಹಿಂದೆ ಒಂದು ವಾಷರ್ ಹಾಕಿ ಬಲಕ್ಕೆ ತಿರುಗಿಸಿ. ರೆಕ್ಕೆಗಳ ತೂಕ ಸರಿ ಮಾಡದೆ ಇದಕ್ಕೆ ಕೈ ಹಾಕಿದವರು ದಿನವಿಡೀ ಸುತ್ತುತ್ತಾರೆ. ಅಸಲಿ ದೋಷ ರೆಕ್ಕೆಯಲ್ಲಿರುತ್ತದೆ, ಅವರು ಮೋಟರ್ ತಿರುಗಿಸುತ್ತಿರುತ್ತಾರೆ. ಅದೇ ಏರಿಕೆಯಲ್ಲಿ ಕ್ಯಾನೊಪಿಯ (ಬೆನ್ನಿನ ಮೇಲಿನ ಗಾಜಿನಂಥ ಮುಚ್ಚಳದ) ಕಡೆ ಬಾಗಿದರೆ ಮೋಟರನ್ನು ಸ್ವಲ್ಪ ಕೆಳಮುಖ ಮಾಡಿ, ಹೊಟ್ಟೆಯ ಕಡೆ ಬಾಗಿದರೆ ಮೇಲ್ಮುಖ.

ಕೆಳಗೆರೆ. ಎತ್ತರದಿಂದ ಥ್ರಾಟಲ್ ಪೂರ್ತಿ ಇಳಿಸಿ ನೇರ ಕೆಳಗೆ ಬಿಡಿ. ಹೆಚ್ಚಿನ ವಿಮಾನಗಳು ಕ್ಯಾನೊಪಿಯ ಕಡೆ ಬಾಗುತ್ತವೆ. ಥ್ರಾಟಲ್ ತಳದಲ್ಲಿದ್ದಾಗ ಮಾತ್ರ ಶೇ 1, 2ರಷ್ಟು ಡೌನ್ ಎಲಿವೇಟರ್ ಕೊಡುವ ಮಿಕ್ಸ್ ಹಾಕಿ. ಇಳಿಸುವಾಗ ಇದು ಬೇಡ, ಸ್ವಿಚ್‌ನಿಂದ ಆಫ್ ಆಗುವಂತಿರಲಿ.

ನೈಫ್ ಎಡ್ಜ್. ವಿಮಾನವನ್ನು ಪಕ್ಕೆಯ ಮೇಲೆ ಮಲಗಿಸಿ ರಡ್ಡರ್‌ನಿಂದ (ಬಾಲದ ನಿಂತ ಪಟ್ಟಿಯಿಂದ) ಎತ್ತಿಹಿಡಿಯಿರಿ. ಚಕ್ರದ ಕಡೆ ಸರಿದರೆ ರಡ್ಡರ್ ಜೊತೆ ಸ್ವಲ್ಪ ಅಪ್ ಎಲಿವೇಟರ್, ರಡ್ಡರ್‌ನ ದಿಕ್ಕಿಗೇ ರೋಲ್ ಆದರೆ ಸ್ವಲ್ಪ ವಿರುದ್ಧ ಏಲೆರಾನ್ ಮಿಕ್ಸ್ ಮಾಡಿ. ಎಡ ರಡ್ಡರ್‌ಗೆ, ಬಲ ರಡ್ಡರ್‌ಗೆ ಬೇರೆ ಬೇರೆ ಅಂಕಿ ಬರುವುದು ಸಹಜ. ಇದು ಮುಗಿಯದೆ ಸ್ಲೋ ರೋಲ್ (ನಿಧಾನದ ರೋಲ್), ಫೋರ್ ಪಾಯಿಂಟ್ ರೋಲ್ (ನಾಲ್ಕು ಕಡೆ ನಿಂತು ನಿಂತು ಹಾಕುವ ರೋಲ್) ಕಲಿಯುವುದು ಶ್ರಮ ದಂಡ.

ಕೊನೆಗೆ ಏಲೆರಾನ್ ಡಿಫರೆನ್ಷಿಯಲ್ (ಮೇಲೇರುವ, ಕೆಳಗಿಳಿಯುವ ಏಲೆರಾನ್‌ಗಳ ಓಟದ ವ್ಯತ್ಯಾಸ). ನೇರ ಮೇಲ್ಗೆರೆಯಲ್ಲಿ ಮೂರು ರೋಲ್ ಹಾಕಿ. ಬಾಣದಂತೆ ತಿರುಗಿದರೆ ಸರಿ. ತಿರುಪಿನ ಹಾಗೆ ಸುತ್ತು ಎಳೆದುಕೊಂಡು ಹೋದರೆ ಕೆಳಗಿಳಿಯುವ ಏಲೆರಾನ್‌ನ ಓಟವನ್ನು ಶೇ 2ರ ಮೆಟ್ಟಿಲಲ್ಲಿ ಕಡಿಮೆ ಮಾಡುತ್ತ ನೋಡಿ.

ಇಷ್ಟಕ್ಕೆ 20ರಿಂದ 25 ಹಾರಾಟ ಬೇಕು. ಒಂದು ವಾರಾಂತ್ಯದಲ್ಲಿ ಮುಗಿಸಿದೆ ಎನ್ನುವವರ ವಿಮಾನ ನಾನು ಹಾರಿಸಿ ನೋಡಿದ್ದೇನೆ, ಮುಗಿದಿರಲಿಲ್ಲ. ಎಕ್ಸ್‌ಪೋ ಶೇ 30ರ ಸುತ್ತಮುತ್ತ ಇಡಿ. ಸ್ಪರ್ಧೆಯ ಏಲೆರಾನ್ ರೇಟ್ ನಿಧಾನವಾಗಿರಲಿ: ಸ್ಟಿಕ್ ಪೂರ್ತಿ ಒತ್ತಿದರೂ ಒಂದು ರೋಲ್‌ಗೆ ಒಂದೂವರೆ, ಎರಡು ಸೆಕೆಂಡ್ ಹಿಡಿಯಬೇಕು.

ಹಂತ 6: ಬರೀ ಗೆರೆ

ಎರಡು ವಾರ ಒಂದೇ ಕೆಲಸ. ಎಡಗಂಬದಿಂದ ಬಲಗಂಬ, ತಿರುಗು, ಬಲಗಂಬದಿಂದ ಎಡಗಂಬ. ಮೊದಲು ನೆಟ್ಟಗೆ, ಆಮೇಲೆ ತಲೆಕೆಳಗೆ. ಬಟ್ಟೆಯ ಮೇಲೆ, ಒಂದೇ ವೇಗ, ಒಂದೇ ದೂರ. ಬೇಸರ ಬರುತ್ತದೆ, ಬರಲಿ.

ಇಲ್ಲಿ ನೋಡಬೇಕಾದದ್ದು ನಿಮ್ಮ ಹೆಬ್ಬೆರಳು. ಗೆರೆಯುದ್ದಕ್ಕೂ ಸ್ಟಿಕ್ ಅಲ್ಲಾಡುತ್ತಲೇ ಇದ್ದರೆ ಒಂದೋ ಟ್ರಿಮ್ ಮುಗಿದಿಲ್ಲ, ಇಲ್ಲವೇ ನೀವು ದೋಷ ಕಂಡ ಮೇಲೆ ತಿದ್ದುತ್ತಿದ್ದೀರಿ. ವಿಮಾನ ಗಾಳಿಗೆ ಆಚೆ ಸರಿಯುತ್ತಿದ್ದರೆ ರೆಕ್ಕೆ ವಾಲಿಸಿ ತರಬೇಡಿ. ರೆಕ್ಕೆ ಸಮ ಇಟ್ಟು, ರಡ್ಡರ್‌ನಿಂದ ಮೂಗನ್ನು ಗಾಳಿಯ ಕಡೆ ಎರಡು ಮೂರು ಡಿಗ್ರಿ ತಿರುಗಿಸಿ ಹಾಗೇ ಹಿಡಿಯಿರಿ. ವಾಲಿದ ರೆಕ್ಕೆ ತೀರ್ಪುಗಾರರಿಗೆ ದೂರದಿಂದಲೇ ಹೊಳೆಯುತ್ತದೆ, ತಿರುಗಿದ ಮೂಗು ಅಷ್ಟಾಗಿ ಕಾಣುವುದಿಲ್ಲ. ಎಫ್‌3ಎಯಲ್ಲಿ ನೋಡುವುದೂ ವಿಮಾನ ಸಾಗಿದ ದಾರಿಯನ್ನು.

ಹಂತ 7: ಕಸರತ್ತುಗಳು, ಒಂದೊಂದಾಗಿ

ಲೂಪ್ ಮೊದಲು. ನಡುಗಂಬದ ನೇರದಲ್ಲಿ ಶುರುವಾಗಿ ಅಲ್ಲೇ, ಅದೇ ಎತ್ತರದಲ್ಲಿ ಮುಗಿಯಬೇಕು. ಎಲ್ಲರ ತಪ್ಪೂ ಒಂದೇ: ಏರುವಾಗ ದೊಡ್ಡ ವೃತ್ತ, ಮೇಲ್ತುದಿಯಲ್ಲಿ ಮೂತಿ ಮಡಚಿದಂತೆ ಚಿಕ್ಕದು. ಮೇಲೆ ವೇಗ ಕಡಿಮೆಯಾಗಿರುತ್ತದೆ, ಅಲ್ಲಿ ಎಲಿವೇಟರ್ ಸ್ವಲ್ಪ ಸಡಿಲಿಸಿ. ಇಳಿಯುವಾಗ ಥ್ರಾಟಲ್ ಇಳಿಸಿ.

ಅರ್ಧ ಕ್ಯೂಬನ್ 8 (ಲೂಪ್‌ನ ಬಹುಭಾಗ ಮುಗಿಸಿ 45 ಡಿಗ್ರಿ ಇಳಿಗೆರೆಯಲ್ಲಿ ಅರ್ಧ ರೋಲ್), ಇಮ್ಮೆಲ್‌ಮನ್ (ಅರ್ಧ ಲೂಪ್ ಏರಿ ಅರ್ಧ ರೋಲ್), ಸ್ಪ್ಲಿಟ್ ಎಸ್ (ಅರ್ಧ ರೋಲ್ ಹಾಕಿ ಅರ್ಧ ಲೂಪ್ ಇಳಿಯುವುದು), ಈ ಮೂರರಲ್ಲೂ ಅಂಕ ಹೋಗುವುದು ರೋಲ್‌ನ ಸ್ಥಾನದಿಂದ. ಅರ್ಧ ಕ್ಯೂಬನ್ 8ರಲ್ಲಿ 45 ಡಿಗ್ರಿ ಗೆರೆಯ ನಟ್ಟನಡುವೆ ರೋಲ್ ಇರಬೇಕು, ಮೊದಲಿನ ಗೆರೆಯೂ ನಂತರದ ಗೆರೆಯೂ ಸಮ. ಹೊಸಬರು ಗಾಬರಿಯಿಂದ ಗೆರೆ ಶುರುವಾದ ಕೂಡಲೇ ರೋಲ್ ಹಾಕುತ್ತಾರೆ. ಮನಸ್ಸಿನಲ್ಲಿ ‘ಒಂದು, ಎರಡು, ರೋಲ್, ಒಂದು, ಎರಡು, ಎಳೆ’ ಎಂದು ಎಣಿಸಿ. ಇಮ್ಮೆಲ್‌ಮನ್‌ನಲ್ಲಿ ಅರ್ಧ ಲೂಪ್ ಮುಗಿದ ಕ್ಷಣವೇ ರೋಲ್, ಸ್ಪ್ಲಿಟ್ ಎಸ್‌ನಲ್ಲಿ ರೋಲ್ ಮುಗಿದ ಕ್ಷಣವೇ ಅರ್ಧ ಲೂಪ್, ನಡುವೆ ಗೆರೆ ಕಂಡರೆ ಅಂಕ ಕಳೆಯಿತು.

ಸ್ಟಾಲ್ ಟರ್ನ್ ನಮ್ಮವರನ್ನು ಹೆಚ್ಚು ಕಾಡುತ್ತದೆ. ನೇರ ಮೇಲೇರಿ, ನಿಲ್ಲುವ ಹೊತ್ತಿಗೆ ರಡ್ಡರ್‌ನಿಂದ ರೆಕ್ಕೆಯ ಮೇಲೆ ತಿರುಗಿ, ಬಂದ ದಾರಿಯಲ್ಲೇ ಇಳಿಯಬೇಕು. ತಿರುವು ರೆಕ್ಕೆಯಗಲದ ಅರ್ಧದೊಳಗೆ ಆದರೆ ಕಡಿತವಿಲ್ಲ. ರಡ್ಡರ್ ಬೇಗ ಕೊಟ್ಟರೆ ಕಮಾನಿನಂತೆ ಹೋಗುತ್ತದೆ, ತಡವಾದರೆ ಬಾಲ ಕೆಳಗಾಗಿ ಜಾರುತ್ತದೆ. ಥ್ರಾಟಲನ್ನು ಪೂರ್ತಿ ಸೊನ್ನೆಗೆ ತರಬೇಡಿ. ರಡ್ಡರ್‌ನ ಮೇಲೆ ಪ್ರಾಪ್‌ನ ಗಾಳಿ ಸ್ವಲ್ಪವಾದರೂ ಬೀಸುತ್ತಿರಲಿ. ತಿರುಗುವಾಗ ಎಡಕ್ಕೆ ಸುಲಭ, ಬಲಕ್ಕೆ ಕಷ್ಟ. ಎರಡನ್ನೂ ಕಲಿಯಿರಿ, ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ಸ್ಪರ್ಧೆಯ ದಿನವೇ ಗೊತ್ತಾಗುವುದು.

ಸ್ಲೋ ರೋಲ್‌ಗೆ ಪ್ರತಿ ಕಾಲುಭಾಗಕ್ಕೂ ಬೇರೆ ಕೈ ಬೇಕು: ಪಕ್ಕೆಯಲ್ಲಿ ಮೇಲಿನ ಕಡೆಯ ರಡ್ಡರ್, ತಲೆಕೆಳಗಾದಾಗ ಡೌನ್ ಎಲಿವೇಟರ್, ಮತ್ತೆ ಪಕ್ಕೆಯಲ್ಲಿ ವಿರುದ್ಧ ರಡ್ಡರ್. ಮೊದಲು ಫೋರ್ ಪಾಯಿಂಟ್ ರೋಲ್ ಕಲಿತು, ಆಮೇಲೆ ನಿಲುಗಡೆಗಳನ್ನು ಕರಗಿಸಿ ಸ್ಲೋ ರೋಲ್ ಮಾಡುವುದು ನನ್ನ ಅನುಭವದಲ್ಲಿ ಒಳ್ಳೆಯ ದಾರಿ.

ಸ್ಪಿನ್‌ಗೆ ಥ್ರಾಟಲ್ ಇಳಿಸಿ, ಗೆರೆ ಬಿಡದೆ ಎಲಿವೇಟರ್ ಮೆಲ್ಲಗೆ ಎಳೆಯುತ್ತ, ಮೂಗು ತಾನಾಗಿ ಬೀಳುವವರೆಗೆ ಕಾಯಿರಿ. ಆ ಎರಡು ಸೆಕೆಂಡ್ ಕಾಯಲಾರದೆ ರಡ್ಡರ್ ಒತ್ತಿದರೆ ಅದು ಸ್ನ್ಯಾಪ್, ಅಂದರೆ ಸೊನ್ನೆ.

ಹಂತ 8: ಗಾಳಿಯ ಜೊತೆ

ಕೊಡಗಿನಲ್ಲಿ ಬಿಸಿಲೇರಿದಂತೆ ಗಾಳಿ ಕಣಿವೆಯಿಂದ ಮೇಲಕ್ಕೆ ಹರಿಯುತ್ತದೆ, ಸಂಜೆ ತಂಪಾದಂತೆ ಕೆಳಕ್ಕೆ. ಹಾಗಾಗಿ ಬೆಳಿಗ್ಗೆಯ ಗಾಳಿಗೆ ಕಲಿತದ್ದು ಸಂಜೆ ಹಿಂದುಮುಂದಾಗುತ್ತದೆ. ಇದು ಒಳ್ಳೆಯದೇ, ಎರಡೂ ದಿಕ್ಕಿಗೆ ಅಭ್ಯಾಸವಾಗುತ್ತದೆ. ಕೆಟ್ಟದ್ದು ಸಿಲ್ವರ್ ಮರಗಳ ಸಾಲಿನ ಹಿಂದೆ ಏಳುವ ಸುಳಿ. ಮರದ ಎತ್ತರದ ಹತ್ತರಷ್ಟು ದೂರದವರೆಗೂ ಗಾಳಿ ಕಲಕಿರಬಹುದು. ಅಂಥ ಸಾಲಿನ ಮರೆಯಲ್ಲಿ ಇಳಿಸುವಾಗ ವೇಗ ಕಡಿಮೆ ಮಾಡಬೇಡಿ. ಎತ್ತರದ ತೆಳು ಗಾಳಿಯಲ್ಲಿ ಸ್ಟಾಲ್ ಆಗುವ ವೇಗವೂ ಕರಾವಳಿಗಿಂತ ಶೇ 5, 6ರಷ್ಟು ಹೆಚ್ಚು.

ಲೂಪ್ ಇಡಿಯಾಗಿ ಗಾಳಿಯ ದಿಕ್ಕಿಗೆ ಸರಿಯುತ್ತದೆ. ಗಾಳಿಗೆ ಎದುರಾಗಿ ಲೂಪ್ ಶುರುಮಾಡಿದರೆ, ಕೆಳಭಾಗದಲ್ಲಿ ಗಾಳಿಗೆದುರು ಹೋಗುವಾಗ ಸಡಿಲ ಎಳೆಯಿರಿ, ಮೇಲ್ಭಾಗದಲ್ಲಿ ಗಾಳಿಯ ಜೊತೆ ಹೋಗುವಾಗ ಬಿಗಿ ಮಾಡಿ. ಏರು, ಇಳಿ ಭಾಗಗಳಲ್ಲಿ ಮೂಗನ್ನು ಗಾಳಿಯ ಕಡೆ ಒರಗಿಸಿ. ಹಿಂದಿನ ಹಂತದಲ್ಲಿ ಮೇಲ್ತುದಿಯಲ್ಲಿ ಸಡಿಲಿಸಿ ಎಂದದ್ದು ಗಾಳಿ ಇಲ್ಲದ ದಿನಕ್ಕೆ. ಗಾಳಿ ಬಲವಾದಷ್ಟೂ ಆ ಸಡಿಲ ಕಡಿಮೆಯಾಗಬೇಕು. ಇದನ್ನು ಓದಿ ಕಲಿಯಲಾಗುವುದಿಲ್ಲ. ಫೋನನ್ನು ನಿಮ್ಮ ಹಿಂದೆ ಸ್ಟ್ಯಾಂಡ್‌ನಲ್ಲಿಟ್ಟು ಚಿತ್ರೀಕರಿಸಿ, ಸಂಜೆ ಪರದೆಯ ಮೇಲೆ ಪಾರದರ್ಶಕ ಹಾಳೆ ಇಟ್ಟು ವಿಮಾನ ಹೋದ ದಾರಿ ಬರೆಯಿರಿ. ವೃತ್ತ ಎಲ್ಲಿ ಚಪ್ಪಟೆಯಾಗಿದೆ ಎಂಬುದು ಕಣ್ಣಿಗೆ ಕಟ್ಟುತ್ತದೆ.

ಹಂತ 9: ಸರಣಿ, ಕಾಲರ್, ಮಳೆಗಾಲ

ಕಸರತ್ತುಗಳು ಬಿಡಿಬಿಡಿಯಾಗಿ 7 ಅಂಕದ ಮಟ್ಟಕ್ಕೆ ಬಂದ ಮೇಲೆಯೇ ಸರಣಿ (ಪಟ್ಟಿಯ ಕಸರತ್ತುಗಳನ್ನು ಒಂದರ ಹಿಂದೊಂದು) ಹಾರಿಸಿ. ಮೊದಲೇ ಸರಣಿಗೆ ಹೋದರೆ ಪ್ರತಿ ಹಾರಾಟದಲ್ಲೂ ಅವೇ ತಪ್ಪುಗಳು ಗಟ್ಟಿಯಾಗುತ್ತವೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಹಾರಿಸಲು ಆಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ಆ ನಾಲ್ಕು ತಿಂಗಳು ಸಿಮ್ಯುಲೇಟರ್‌ಗೆ. ರಿಯಲ್‌ಫ್ಲೈಟ್ ಇದ್ದರೆ ಒಳ್ಳೆಯದು, ದುಡ್ಡಿಲ್ಲದಿದ್ದರೆ ಉಚಿತವಾದ ಪಿಕಾಸಿಮ್ ಸಾಕು. ಅದರಲ್ಲಿ ಪಕ್ಕಗಾಳಿ ಹಾಕಿಕೊಂಡೇ ಅಭ್ಯಾಸ ಮಾಡಿ. ಲೈಪೋಗಳನ್ನು ಸೆಲ್‌ಗೆ 3.8 ವೋಲ್ಟ್‌ನಲ್ಲಿ ಎತ್ತಿಡಿ. ಬಾಲ್ಸಾ ವಿಮಾನವಿದ್ದರೆ ಅಟ್ಟದಲ್ಲಿ ಇಡಬೇಡಿ, ತೇವಕ್ಕೆ ರೆಕ್ಕೆ ತಿರುಚಿಕೊಳ್ಳುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ಅಕ್ಟೋಬರ್‌ನಲ್ಲಿ ಇನ್ಸಿಡೆನ್ಸ್ ಮೀಟರ್‌ನಿಂದ ಮತ್ತೆ ಅಳೆಯಿರಿ.

ಕಾಲರ್ ಎಂದರೆ ಪಕ್ಕದಲ್ಲಿ ನಿಂತು ಮುಂದಿನ ಕಸರತ್ತನ್ನು ಕೂಗುವವರು. ಬೇಗ ಹೇಳಿದರೆ ಮರೆತುಹೋಗುತ್ತದೆ, ತಡವಾದರೆ ಗಾಬರಿ. ಹಿಂದಿನ ಕಸರತ್ತು ಮುಗಿದು ಗೆರೆ ಸಿಕ್ಕ ಕ್ಷಣವೇ ಹೇಳಬೇಕು, ಮೂರು ಪದಗಳಿಗಿಂತ ಹೆಚ್ಚು ಬೇಡ: ‘ಸ್ಟಾಲ್ ಟರ್ನ್, ಬಲಕ್ಕೆ’. ಮನೆಯವರೊಬ್ಬರನ್ನು ಈ ಕೆಲಸಕ್ಕೆ ತಯಾರು ಮಾಡಿ. ನನ್ನ ಕಾಲರ್ ನನ್ನ ಅಕ್ಕ, ವಿಮಾನ ಹಾರಿಸಲು ಅವಳಿಗೆ ಬರುವುದಿಲ್ಲ, ಆದರೆ ಸರಣಿ ನನಗಿಂತ ಚೆನ್ನಾಗಿ ಬಾಯಿಪಾಠ. ಕಡ್ಡಿಯ ತುದಿಗೆ ಅಂಟಿಸಿದ ಚಿಕ್ಕ ಥರ್ಮಕೋಲ್ ವಿಮಾನ ಹಿಡಿದು ಅಂಗಳದಲ್ಲಿ ನಡೆಯುತ್ತ ಇಬ್ಬರೂ ದಿನಕ್ಕೆ ಎರಡು ಸಲ ಸರಣಿ ಮುಗಿಸಿ.

ಹಂತ 10: ಸ್ಪರ್ಧೆಯ ದಿನ

ಹಿಂದಿನ ದಿನವೇ ತಲುಪಿ. ಘಟ್ಟದ ರಸ್ತೆಯಲ್ಲಿ ಬೆಳಗಿನ ಜಾವ ಹೊರಟು ಬಂದು, ಇಳಿದ ತಕ್ಷಣ ಹಾರಿಸಿದರೆ ಕಣ್ಣು ಸ್ಥಿಮಿತದಲ್ಲಿ ಇರುವುದಿಲ್ಲ. ಪ್ರಯಾಣದಲ್ಲಿ ಸಡಿಲವಾಗುವ ಜಾಗಗಳು ನಾಲ್ಕು: ಮೋಟರ್ ಮೌಂಟ್, ರೆಕ್ಕೆಯ ಬೋಲ್ಟ್, ಎಲಿವೇಟರ್ ಪುಷ್‌ರಾಡ್, ಬ್ಯಾಟರಿ ಪಟ್ಟಿ. ನಾಲ್ಕನ್ನೂ ಕೈಯಿಂದ ಎಳೆದು ನೋಡಿ. ರೇಂಜ್ ಟೆಸ್ಟ್ (ರಿಮೋಟ್‌ನ ಸಂಕೇತ ದೂರಕ್ಕೆ ತಲುಪುತ್ತದೆಯೇ ಎಂಬ ಪರೀಕ್ಷೆ) ಮಾಡಿ. ವ್ಯಾಟ್‌ಮೀಟರ್ ಹಾಕಿ ಆ ಊರಿನ ಗಾಳಿಯಲ್ಲಿ ಎಷ್ಟು ಆಂಪಿಯರ್ ಹೋಗುತ್ತದೆ ನೋಡಿ, ಬೇಕಾದರೆ ಚಿಕ್ಕ ಪ್ರಾಪ್ ಹಾಕಿ.

ಪೈಲಟ್ ಜಾಗದಲ್ಲಿ ನಿಂತು ಬಾಕ್ಸ್‌ನ ಬಾವುಟಗಳನ್ನು ಗುರುತಿಸಿ. ಕಾಲಿನ ಹೆಬ್ಬೆರಳು ನಡುಬಾವುಟದ ಕಡೆ ಇರಲಿ. ಮೈದಾನದ ಆಚೆ ಕಟ್ಟಡದ ತಾರಸಿಯೋ ನೀರಿನ ಟ್ಯಾಂಕೋ ಇದ್ದರೆ ಅದರ ಸಮತಲ ಅಂಚನ್ನು ನೋಡಿ ಕಣ್ಣು ಹೊಂದಿಸಿಕೊಳ್ಳಿ. ನಿಮ್ಮ ಸರದಿಗೆ ಮೊದಲು ಮೂವರ ಹಾರಾಟವನ್ನು ನೋಡಿ, ಲೂಪ್ ಯಾವ ಕಡೆ ಸರಿಯುತ್ತಿದೆ ಎಂದು ಕಾಲರ್‌ಗೆ ಹೇಳಿ.

ಹಾರಾಟದಲ್ಲಿ ಒಂದು ಕಸರತ್ತು ಕೆಟ್ಟರೆ ಅದನ್ನು ಮತ್ತೆ ಮಾಡಲು ಹೋಗಬೇಡಿ, ಸರಣಿಯ ಕ್ರಮ ತಪ್ಪಿ ಮುಂದಿನದಕ್ಕೂ ಸೊನ್ನೆ ಬೀಳುತ್ತದೆ. ಗೆರೆಗೆ ವಾಪಸು ಬನ್ನಿ, ಮುಂದಿನದನ್ನು ಕೇಳಿಸಿಕೊಳ್ಳಿ. ಬ್ಯಾಟರಿಯಲ್ಲಿ ಶೇ 30 ಉಳಿಯುವಂತೆ ಟೈಮರ್ ಇಟ್ಟಿರಿ. ಒಮ್ಮೆ ಇಳಿಸಲಾಗದಿದ್ದರೆ ಇನ್ನೊಂದು ಸುತ್ತು ಬರಲು ಅದು ಬೇಕು.

ಸುತ್ತು ಮುಗಿದ ಮೇಲೆ ಅಂಕದ ಹಾಳೆ ಕೇಳಿ ಪಡೆಯಿರಿ. ಒಟ್ಟು ಮೊತ್ತ ಬಿಡಿ, ಕಸರತ್ತುವಾರು ಅಂಕ ನೋಡಿ. ಎಲ್ಲ ತೀರ್ಪುಗಾರರೂ ಒಂದೇ ಕಸರತ್ತಿಗೆ ಕಡಿಮೆ ಕೊಟ್ಟಿದ್ದರೆ ತಪ್ಪು ಅಲ್ಲಿದೆ. ನಡುವಿನ ಕಸರತ್ತುಗಳಿಗೆ 7 ಬಂದು ಎಡ ತುದಿಯವಕ್ಕೆ ಮಾತ್ರ 5 ಬಂದಿದ್ದರೆ ಮನೆಗೆ ಹೋಗಿ ಎಡಗಂಬದ ಬಟ್ಟೆಯ ಮಟ್ಟವನ್ನು ಪೈಪಿನಿಂದ ಇನ್ನೊಮ್ಮೆ ಪರೀಕ್ಷಿಸಿ. ಮಳೆಗೆ ಬಿದಿರಿನ ಬುಡ ಕುಸಿದಿರುತ್ತದೆ.